‘ಮೊಸ್ಯೂ ಈರ್’ ಅಪಾರ್ಟ್‌ಮೆಂಟಲ್ಲಿ ತೋರಿಸಬಹುದಾ? ಅನುಭವ ಇದ್ದವರು ಹೇಳಿ

ಮೂರನೇ ಮಹಡಿ: ತಿಂಗಳಿಗೊಂದು ಸಿನಿಮಾ ಹಾಕ್ತೀವಿ, ಇಪ್ಪತ್ತು ಜನ, ಅರ್ಧ ರಿಟೈರ್ ಆದವರು. ಈ ಸಲ ನಿರ್ದೇಶಕ ಪಾತ್ರೀಸ್ ಲಕೊಂತ್‌ನ 1989ರ ಫ್ರೆಂಚ್ ಸಿನಿಮಾ ‘ಮೊಸ್ಯೂ ಈರ್’ ಅಂದ್ಕೊಂಡಿದ್ದೀನಿ. ಕತ್ತಲಲ್ಲಿ ನಿಂತು ಎದುರು ಮನೆ ಹುಡುಗೀನ ದಿನಾ ನೋಡೋ ಒಂಟಿ ದರ್ಜಿಯ ಕಥೆ. ಮುಜುಗರ ಆಗತ್ತಾ?

ಹಳೇ ಪ್ರೊಜೆಕ್ಟರ್: ನಾನು ಮೈಸೂರಲ್ಲಿ ಹಾಕಿದ್ದೆ. ಭಾವಮೈದನ ಕೈಲಿ ಫ್ರಾನ್ಸಿಂದ ಡಿವಿಡಿ ತರಿಸಿದ್ದು, 19 ಯೂರೊ. ನೋಡಿದ್ರೆ ಡಿವಿಡಿಗೆ ಪ್ರದೇಶವಾರು ಲಾಕ್: ಅದು ರೀಜನ್ 2, ನಮ್ಮ ಪ್ಲೇಯರ್ ರೀಜನ್ 5. ಲಾಕ್ ತೆಗೆಸೋಕೆ 600. ಓಡಿತು ಅನ್ನೋ ಹೊತ್ತಿಗೆ ಇಂಗ್ಲಿಷ್ ಸಬ್‌ಟೈಟಲ್ಲೇ ಇಲ್ಲ! ಬೇರೆ ಕಡೆಯಿಂದ ಇಳಿಸಿಕೊಂಡಿದ್ದು ಮಾತಿಗಿಂತ ನಾಲ್ಕು ಸೆಕೆಂಡ್ ಹಿಂದೆ. ರಾತ್ರಿ ಎರಡರ ತನಕ ಕೂತು ಹೊಂದಿಸಿದೆ. ಹಾಲ್ ಬಾಡಿಗೆ 3,500, ಕಾಫಿ-ಬೋಂಡ 1,150. ಬಂದವರು ಹನ್ನೊಂದು ಜನ, ಅದರಲ್ಲಿ ಮೂವರು ಬೋಂಡ ತಿಂದು ಎದ್ದುಹೋದ್ರು. ಆದ್ರೆ ಮಿಂಚು ಹೊಡೆದಾಗ ಎದುರು ಕಿಟಕೀಲಿ ಆ ಹುಡುಗಿ ಆಲಿಸ್‌ಗೆ ದರ್ಜಿಯ ಬಿಳಿಚಿದ ಮುಖ ಕಾಣತ್ತಲ್ಲ, ಆಗ ಹಾಲಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪಾಪ, ದರ್ಜಿ ಪಾತ್ರದ ಮಿಶೆಲ್ ಬ್ಲಾಂಕ್. ಕಾಮಿಡಿ ನಟ ಅಂತಲೇ ಹೆಸರಾಗಿದ್ದವನು.

ಕರ್ಟನ್ 2800: ‘ಪಾಪ’ ಯಾರಿಗೆ ಸರ್? ವಿಜಯನಗರದಲ್ಲಿ ಎಂಟು ತಿಂಗಳು ನನ್ನ ರೂಮಿನ ಎದುರು ಅಂಥ ಮುಖ ಇತ್ತು. ಲೈಟ್ ಆರಿಸಿ ನಿಲ್ಲೋನು, ಸಿಗರೇಟಿನ ಕೆಂಪು ಚುಕ್ಕಿ ಮಾತ್ರ ಕಾಣ್ತಿತ್ತು. ದಪ್ಪ ಕರ್ಟನ್‌ಗೆ 2,800 ಸುರಿದೆ. ಸೆಖೆಗೆ ಫ್ಯಾನ್ ಬೇರೆ, 1,900. ಕೊನೆಗೆ ಮನೆ ಬಿಟ್ಟೆ. ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಅಂತ ಮುರ್ಕೊಂಡ್ರು. ಈ ಸಿನಿಮಾದ ಹಾಗೆ ಹಿನ್ನೆಲೆಗೆ ಬ್ರಾಮ್ಸ್‌ನ ಶಾಸ್ತ್ರೀಯ ಸಂಗೀತ ಹಾಕಿಬಿಟ್ರೆ ಕದ್ದು ನೋಡೋದು ಪ್ರೇಮ ಆಗ್ಬಿಡತ್ತಾ?

ಸಿಮೆನೋನ್ ಓದುಗ: ಮೇಡಂ, ಸಿನಿಮಾ ಪೂರ್ತಿ ನೋಡಿದ್ರಾ? ಆಲಿಸ್ ಬೇಕಂತಲೇ ಮೆಟ್ಟಿಲ ಮೇಲೆ ಟೊಮೆಟೊ ಉರುಳಿಸ್ತಾಳೆ. ಅವಳೂ ಲೆಕ್ಕ ಹಾಕ್ತಿದ್ದಾಳೆ. ಕೊನೆಗೆ ಅವನನ್ನ ಸಿಕ್ಕಿಸಿಹಾಕೋದೂ ಅವಳೇ. ಮೊದಲು ಇದಕ್ಕೆ ಮೂಲವಾದ ಸಿಮೆನೋನ್‌ನ 1933ರ ಕಾದಂಬರಿ ಓದಿ, ಆಮೇಲೆ ಅದನ್ನೇ ದುವಿವಿಯೆ ಸಿನಿಮಾ ಮಾಡಿದ 1946ರ ‘ಪಾನೀಕ್’ ನೋಡಿ. ಅದರ ಮುಂದೆ ಲಕೊಂತ್‌ದು ಬರೀ ನಯ-ನಾಜೂಕು. ನಾನು ಕಾದಂಬರಿ ಓದೋಕೇ ಎರಡು ವರ್ಷ ಫ್ರೆಂಚ್ ಕಲಿತೆ, ಫೀಸೇ 40 ಸಾವಿರ ದಾಟಿತು.

ಹಳೇ ಪ್ರೊಜೆಕ್ಟರ್: ಕೊನೆ ಹೇಳಿಬಿಟ್ರಲ್ಲ ಸ್ವಾಮಿ! ಅವರಿನ್ನೂ ತೋರಿಸ್ಬೇಕು.

ಸಿಮೆನೋನ್ ಓದುಗ: ಬೋಂಡ ಹಂಚಿ ಜನ ಸೇರಿಸಿದವರು ನನಗೆ ಹೇಳಿಕೊಡೋದು ಬೇಡ.

ಕರ್ಟನ್ 2800: ಪೂರ್ತಿ ನೋಡಿದ್ದೀನಿ, ಎರಡು ಸಲ. ಅವನು ಬಿಳಿ ಇಲಿ ಸಾಕಿದ್ದಕ್ಕೆ ಕನಿಕರ ಬಂತು, ಅದೂ ಇಲಿ ಮೇಲೆ. ಟೊಮೆಟೊ ಉರುಳಿಸಿದ್ದು ತಪ್ಪಾದ್ರೆ, ಅದಕ್ಕೂ ಮುಂಚೆ ಅಷ್ಟು ದಿನ ನೋಡ್ತಾ ನಿಂತಿದ್ದು ಏನು?

ಬಾಡಿಗೆದಾರ: ಸಿನಿಮಾ ಗೊತ್ತಿಲ್ಲ. ಆದ್ರೆ ಎಂಟೇ ತಿಂಗಳಿಗೆ ಪೇಂಟಿಂಗ್ ಅಂತ ಮುರ್ಕೊಂಡ್ರಾ? ಅಗ್ರಿಮೆಂಟಲ್ಲಿ ಬರೆದಿತ್ತಾ? ನನಗೆ 18,000 ಹೋಯ್ತು, ಗೋಡೆಗೆ ಒಂದು ಮೊಳೆ ಹೊಡೆದಿದ್ದಕ್ಕೆ.

ಮನೆ ಓನರ್: ಒಂದೇ ಮೊಳೆ ಅಂತ ಎಲ್ರೂ ಹೇಳ್ತಾರೆ. ನಮ್ಮನೇಲಿ ಹದಿನಾಲ್ಕು ಎಣಿಸಿದ್ದೀನಿ.

ಮೂರನೇ ಮಹಡಿ: ಮುಜುಗರ ಆಗತ್ತಾ ಅಂತ ಕೇಳಿದ್ದೆ...

ಬಾಡಿಗೆದಾರ: ಹದಿನಾಲ್ಕೂ ನಾನು ಬರೋ ಮುಂಚಿನದ್ದು ಅಂತ ಫೋಟೊ ಇದೆ. ಹಾಕ್ಲಾ?