ಏಳೂವರೆ ತಿಂಗಳ ಗಬ್ಬ, ಹಾಲು ಬತ್ತುತ್ತಿಲ್ಲ

ಪ್ರಶ್ನೆ (ಹೊಸನಗರ ಕಡೆಯಿಂದ):
ನಮ್ಮ ಹಸು ಕೆಂಪಿ, ಜರ್ಸಿ ಮಿಶ್ರತಳಿ, ಇದು ಮೂರನೇ ಗಬ್ಬ. ಗಬ್ಬಕ್ಕೆ ಇಂಜೆಕ್ಷನ್ ಮಾಡಿಸಿ 228 ದಿನ ಆಯಿತು. ಇನ್ನೂ ಹೊತ್ತಿಗೆ ಎರಡು ಲೀಟರ್ ಕೊಡುತ್ತಿದೆ. ಮೊದಲು ಒಂದು ಹೊತ್ತು ಬಿಟ್ಟೆ, ಆಮೇಲೆ ದಿನ ಬಿಟ್ಟು ದಿನ ಕರೆದೆ. ಕೆಚ್ಚಲು ಬಿಗಿದಾಗ ನೋಡಲಾಗದೆ ಅರ್ಧ ಕರೆದುಬಿಡುತ್ತೇನೆ. ಮರುದಿನ ಮತ್ತೆ ಅಷ್ಟೇ ತುಂಬಿರುತ್ತದೆ. ಏನು ಮಾಡಲಿ?

ಉತ್ತರ (ತೀರ್ಥಹಳ್ಳಿ):
ಅಕ್ಕಾ, ಆ ಅರ್ಧ ಕರೆಯುವುದೇ ತೊಂದರೆ. ಕೆಚ್ಚಲಲ್ಲಿ ಹಾಲು ತುಂಬಿ ಒತ್ತಿದರೇನೇ ಒಳಗೆ ಹಾಲು ಆಗುವುದು ನಿಲ್ಲುತ್ತದೆ. ನೀವು ಕರೆದಾಗಲೆಲ್ಲ ಮತ್ತೆ ಶುರುವಾಗುತ್ತದೆ. ಹಸು ಕರು ಹಾಕುವುದು ಸುಮಾರು 280 ದಿನಕ್ಕೆ. ಅದಕ್ಕೆ 60 ದಿನ ಮೊದಲೇ ಕರೆಯುವುದು ಬಿಡಬೇಕಿತ್ತು, ಇನ್ನು ತಡ ಮಾಡಬೇಡಿ.

ನಾಳೆಯಿಂದ ಹಿಂಡಿ, ಬೂಸಾ ನಿಲ್ಲಿಸಿ. ಒಣಹುಲ್ಲು, ನೀರು ಧಾರಾಳ ಕೊಡಿ. ಎರಡು ಮೂರು ದಿನ ಬಿಟ್ಟು ಒಂದು ಸಲ ಪೂರ್ತಿ ಕರೆಯಿರಿ, ಒಂದು ಹನಿಯೂ ಉಳಿಯಬಾರದು. ಅಲ್ಲಿಗೆ ಮುಗಿಯಿತು. ಆಗಲೇ ನಾಲ್ಕೂ ಮೊಲೆಗೆ ಬಾವು ಬರದಂತೆ ಔಷಧಿ ಟ್ಯೂಬ್ ಹಾಕಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ಹಿಂದೆ ಕೆಚ್ಚಲು ಬಾವು ಬಂದಿದ್ದರೆ ಅದನ್ನೂ ಹೇಳಿ.

ಆಮೇಲೆ ಕೆಚ್ಚಲು ತೊಳೆಯಬೇಡಿ, ಚೆಂಬು ಹಿಡಿದು ಹತ್ತಿರವೂ ಹೋಗಬೇಡಿ. ಚೆಂಬಿನ ಸದ್ದು ಕೇಳಿದರೇ ಸೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಮೂರು ನಾಲ್ಕು ದಿನ ಬಿಗಿಯುತ್ತದೆ, ನೋಡಲು ಸಂಕಟ ಆಗುತ್ತದೆ, ತಡೆದುಕೊಳ್ಳಿ. ಆದರೆ ಒಂದೇ ಮೊಲೆ ಕೆಂಪಾಗಿ ಬಿಸಿ ಇದ್ದರೆ, ಮುಟ್ಟಿದರೆ ಒದ್ದರೆ, ಮೇವು ಬಿಟ್ಟರೆ ಅದು ಬಾವು. ಅವತ್ತೇ ಡಾಕ್ಟರನ್ನು ಕರೆಸಿ.

ನಮ್ಮ ಕಡೆ ಮಳೆಗಾಲದಲ್ಲಿ ಕೊಟ್ಟಿಗೆಯ ಹಾಸು ಸೊಪ್ಪು ಸದಾ ಒದ್ದೆ ಅಲ್ವಾ? ಕೆಂಪಿ ಮಲಗುವ ಜಾಗಕ್ಕೆ ಮಾತ್ರ ಒಣ ದರಗು (ಒಣಗಿದ ಎಲೆ) ಹಾಕಿ, ದಿನಾ ಬದಲಿಸಿ. ಕರೆಯುವುದು ನಿಲ್ಲಿಸಿದ ಮೇಲೆ ಮೊದಲ ಎರಡು ವಾರ ಮೊಲೆ ತುದಿ ಸರಿಯಾಗಿ ಮುಚ್ಚಿರುವುದಿಲ್ಲ, ಒದ್ದೆಯಲ್ಲಿ ಮಲಗಿದರೆ ಬಾವು ಬರಬಹುದು.

ಪ್ರಶ್ನೆ ಕೇಳಿದವರು, ಹದಿನೈದು ದಿನದ ಮೇಲೆ:
ನಿಂತಿತು! ಮೂರನೇ ದಿನ ರಾತ್ರಿ ಚೆಂಬು ತೆಗೆದುಕೊಂಡು ಕೊಟ್ಟಿಗೆ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಈಗ ಕೆಚ್ಚಲು ಸುಕ್ಕುಗಟ್ಟಿ ಜೋತಿದೆ. ಇನ್ನೊಂದು ವಿಷಯ. ಕರು ಹಾಕಿದ ಮೇಲೆ ಮಾಸು (ಕಸ) ಬೀಳುವ ತನಕ ಕರುವಿಗೆ ಗಿಣ್ಣು ಕುಡಿಸಬಾರದು ಅಂತ ಅತ್ತೆ ಹೇಳುತ್ತಾರೆ. ಹೌದಾ?

ಉತ್ತರ (ತೀರ್ಥಹಳ್ಳಿ):
ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಕಾಯಲೇಬೇಡಿ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಅದು ಗಿಣ್ಣಿನಿಂದಲೇ ಬರಬೇಕು. ಒಂದೆರಡು ಗಂಟೆಯೊಳಗೆ ಕುಡಿಸಿ. ತಡವಾದಷ್ಟೂ ಆ ಶಕ್ತಿ ಕರುವಿನ ರಕ್ತಕ್ಕೆ ಸೇರುವುದು ಕಮ್ಮಿ. ಕರು ಚೀಪಿದರೆ ಮಾಸು ಬೀಳುವುದಕ್ಕೂ ಅನುಕೂಲ.

ಪ್ರಶ್ನೆ ಕೇಳಿದವರು, ಕರು ಹಾಕಿದ ಮೇಲೆ:
ನಿನ್ನೆ ಬೆಳಗಿನ ಜಾವ ಹೆಣ್ಣು ಕರು. ಮಾಸು ಬೀಳಲು ಐದು ಗಂಟೆ ಆಯಿತು. ಅಷ್ಟರಲ್ಲಿ ಕರು ಎರಡು ಸಲ ಕುಡಿದಿತ್ತು. ಹಿಡಿದು ನಿಲ್ಲಿಸಿ ಕುಡಿಸಿದ್ದು ಅತ್ತೆಯೇ.

ಉತ್ತರ (ತೀರ್ಥಹಳ್ಳಿ):
ತುಂಬಾ ಖುಷಿ ಆಯಿತು ಅಕ್ಕಾ. ಇವತ್ತು, ನಾಳೆ ಕೆಚ್ಚಲು ಪೂರ್ತಿ ಬರಿದು ಮಾಡಬೇಡಿ. ಜರ್ಸಿ, ಅದೂ ಮೂರನೇ ಕರು, ಹಾಲಿನ ಜೊತೆ ಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದು ಜಾಸ್ತಿ. ರಾತ್ರಿ ಒಮ್ಮೆ ಎದ್ದು ಕಿವಿ ಮುಟ್ಟಿ ನೋಡಿ. ತಣ್ಣಗಿದ್ದು, ಕತ್ತು ಪಕ್ಕೆಗೆ ತಿರುಗಿಸಿ ಏಳದೆ ಮಲಗಿದ್ದರೆ ಬೆಳಗಾಗುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.