ಭೂವಿಜ್ಞಾನ ವಿಭಾಗದ ಉಪಕರಣ ಅನುದಾನ: ದೊಡ್ಡ ಯಂತ್ರ ಕೇಳಬೇಕೋ, ಸೂಕ್ಷ್ಮದರ್ಶಕಗಳನ್ನೋ?

ಪ್ರಶ್ನೆ (ಉಪನ್ಯಾಸಕಿ, ಗದಗ):
ನಮ್ಮ ಸ್ನಾತಕೋತ್ತರ ವಿಭಾಗ ಉಪಕರಣ ಅನುದಾನಕ್ಕಾಗಿ ಪ್ರಸ್ತಾವನೆ ಸಿದ್ಧಪಡಿಸುತ್ತಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಫಿಸ್ಟ್ ಯೋಜನೆ, ರಾಜ್ಯದ ಕೆ-ಫಿಸ್ಟ್ ಎರಡೂ ನಮ್ಮ ಗಮನದಲ್ಲಿವೆ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ರೇ ಹಾಯಿಸಿ ಶಿಲೆಯಲ್ಲಿನ ಧಾತುಗಳ ಪ್ರಮಾಣ ಅಳೆಯುವ ಉಪಕರಣ) ಒಂದಿದ್ದರೆ ಕಪ್ಪತಗುಡ್ಡದ ಶಿಲೆಗಳ ರಾಸಾಯನಿಕ ವಿಶ್ಲೇಷಣೆಯನ್ನು ಇಲ್ಲಿಯೇ ಮಾಡಿ ಬೇಗ ಪ್ರಬಂಧ ಪ್ರಕಟಿಸಬಹುದು ಎಂಬುದು ಹೆಚ್ಚಿನ ಸಹೋದ್ಯೋಗಿಗಳ ಅಭಿಪ್ರಾಯ. ಆದರೆ ನಮ್ಮ ವಿದ್ಯಾರ್ಥಿಗಳು ಇಂದಿಗೂ ಶಿಲೆಯ ಖನಿಜಗಳನ್ನು ಗುರುತಿಸುವ ಧ್ರುವೀಕರಣ ಸೂಕ್ಷ್ಮದರ್ಶಕದ ಮುಂದೆ ಸರದಿಯಲ್ಲಿ ಕಾಯುತ್ತಾರೆ. ಅದರಲ್ಲಿ ನೋಡುವ ಥಿನ್ ಸೆಕ್ಷನ್‌ಗಳನ್ನು (ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಕಲ್ಲಿನ ಹೋಳುಗಳನ್ನು) ಹೊರಗೆ ಹಣ ಕೊಟ್ಟು ಮಾಡಿಸುತ್ತೇವೆ. ಯಾವುದಕ್ಕೆ ಮೊದಲ ಆದ್ಯತೆ ಕೊಡಬೇಕು?

ಉತ್ತರ 1 (ನಿವೃತ್ತ ಪ್ರಾಧ್ಯಾಪಕ, ಧಾರವಾಡ):
ಸೂಕ್ಷ್ಮದರ್ಶಕಗಳಿಗೆ, ಅದರಲ್ಲಿ ಎರಡು ಮಾತಿಲ್ಲ. ಅವುಗಳ ಜೊತೆಗೆ ಕಲ್ಲು ಕೊಯ್ದು ಉಜ್ಜುವ ಒಂದು ಸಣ್ಣ ಕಾರ್ಯಾಗಾರವನ್ನೂ ಕೇಳಿ. ಕಲ್ಲಿನ ಹೋಳನ್ನು 0.03 ಮಿ.ಮೀ. ದಪ್ಪಕ್ಕೆ ತಂದಾಗ ಸೂಕ್ಷ್ಮದರ್ಶಕದಲ್ಲಿ ಕ್ವಾರ್ಟ್ಜ್ ಖನಿಜ ಬೂದು-ಬಿಳಿ ಬಣ್ಣ ತೋರಿಸುವುದನ್ನು ಸ್ವಂತ ಕೈಯಿಂದ ಉಜ್ಜಿ ಕಂಡ ವಿದ್ಯಾರ್ಥಿಗೆ ಆ ಪಾಠ ಮರೆಯುವುದಿಲ್ಲ.

ಗದಗಿನವರಿಗೆ ಇನ್ನೊಂದು ಕಾರಣವಿದೆ. ಅಲ್ಲಿಯ ಚಿನ್ನದ ವಲಯದ ಜ್ವಾಲಾಮುಖಿ ಶಿಲೆಗಳೂ ಗ್ರೇವ್ಯಾಕ್ ಎಂಬ ಮರಳುಗಲ್ಲುಗಳೂ ಬಿಸಿ ದ್ರಾವಣಗಳ ಕ್ರಿಯೆಯಿಂದ ಬದಲಾಗಿ, ಕಾರ್ಬೊನೇಟ್ ಮತ್ತು ಕ್ಲೋರೈಟ್ ಖನಿಜಗಳನ್ನು ತುಂಬಿಕೊಂಡಿವೆ. ಅಂಥ ಶಿಲೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೂಲ ಪ್ರಮಾಣದಲ್ಲಿ ಉಳಿದಿರುವುದಿಲ್ಲವಾದ್ದರಿಂದ, ಥಿನ್ ಸೆಕ್ಷನ್ ನೋಡದೆ ಬರೀ ಎಕ್ಸ್‌ಆರ್‌ಎಫ್ ಅಂಕಿಗಳ ಮೇಲೆ ಶಿಲೆಗೆ ಹೆಸರಿಟ್ಟರೆ ತೀರ್ಮಾನವೇ ತಪ್ಪಾಗುತ್ತದೆ. ಚಿನ್ನದ ಜೊತೆ ಬರುವ ಪೈರೈಟ್, ಆರ್ಸೆನೊಪೈರೈಟ್‌ಗಳು ಬೆಳಕನ್ನು ಹಾಯಗೊಡುವುದಿಲ್ಲ. ಹೀಗಾಗಿ ಒಂದು ಸೂಕ್ಷ್ಮದರ್ಶಕವಾದರೂ ಪ್ರತಿಫಲಿತ ಬೆಳಕಿನದಾಗಿರಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಲಾಸಮೂಹಕ್ಕೆ ನಮ್ಮೂರು ಧಾರವಾಡದ ಹೆಸರನ್ನೇ ಇಟ್ಟರು. ಅದೇ ಶಿಲೆಗಳನ್ನು ಇಲ್ಲಿಯ ಮಕ್ಕಳು ಸರಿಯಾಗಿ ನೋಡಲಾಗದಿದ್ದರೆ ನನಗೆ ಬಹಳ ನೋವಾಗುತ್ತದೆ.

ಉತ್ತರ 2 (ಪ್ರಯೋಗಾಲಯ ಉಪಕರಣ ತಂತ್ರಜ್ಞ, ಹುಬ್ಬಳ್ಳಿ):
ಯಂತ್ರದ ಬೆಲೆಯ ಜೊತೆ ಅದನ್ನು ನಡೆಸುವ ವೆಚ್ಚವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ದೊಡ್ಡ ಎಕ್ಸ್‌ಆರ್‌ಎಫ್‌ಗೆ ಏರಿಳಿತವಿಲ್ಲದ ವಿದ್ಯುತ್, ಹವಾನಿಯಂತ್ರಿತ ಕೊಠಡಿ, ತಂಪು ನೀರಿನ ವ್ಯವಸ್ಥೆ, ಹಲವು ಬಗೆಯ ಯಂತ್ರಗಳಿಗೆ ಆರ್ಗಾನ್-ಮೀಥೇನ್ ಅನಿಲ ಬೇಕು. ಎಕ್ಸ್-ರೇ ಉಪಕರಣವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪ್ರಕ್ರಿಯೆಯೂ ಇದೆ. ವಾರಂಟಿ ಮುಗಿದ ಮೇಲಿನ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಎಲ್ಲಿಂದ ಎಂಬುದಕ್ಕೆ ಉತ್ತರವಿಲ್ಲದ ಕಡೆ ಒಳ್ಳೆಯ ಯಂತ್ರಗಳು ಮುಸುಕು ಹೊದ್ದು ಕುಳಿತಿರುವುದನ್ನು ಕಂಡಿದ್ದೇನೆ. ತೆರಿಗೆಯನ್ನೂ ಮರೆಯಬೇಡಿ: ಸಂಶೋಧನಾ ಸಂಸ್ಥೆಗಳಿಗಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ರದ್ದಾಯಿತು. ಹಳೆಯ ಪ್ರಸ್ತಾವನೆಯ ಲೆಕ್ಕವನ್ನು ನಕಲು ಮಾಡಿದರೆ ಹಣ ಸಾಲದು.

ರಾಸಾಯನಿಕ ವಿಶ್ಲೇಷಣೆಗೆ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ ಕೇಂದ್ರದಲ್ಲಿ (ಹೊರಗಿನವರೂ ಬಳಸಬಹುದಾದ ಉಪಕರಣ ಕೇಂದ್ರ) ಏನೇನು ಲಭ್ಯ ಎಂದು ವಿಚಾರಿಸಿ. ಅಲ್ಲಿಲ್ಲದ್ದನ್ನು ದೇಶದ ಸಂಶೋಧನಾ ಉಪಕರಣಗಳನ್ನು ಪಟ್ಟಿ ಮಾಡುವ ಐ-ಸ್ಟೆಮ್ ಜಾಲತಾಣದಲ್ಲಿ ಹುಡುಕಿ ಬೇರೆ ಸಂಸ್ಥೆಗಳಲ್ಲಿ ಶುಲ್ಕ ಕೊಟ್ಟು ಬಳಸಬಹುದು.

ಉತ್ತರ 3 (ಅಂತರ್ಜಲ ಸಂಶೋಧನಾರ್ಥಿ, ಹಾವೇರಿ):
ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಸೂಕ್ಷ್ಮದರ್ಶಕಗಳ ಪಟ್ಟಿಯನ್ನಷ್ಟೇ ಕಳುಹಿಸಿದರೆ ಪರಿಶೀಲಕರು ಅದನ್ನು ಬೋಧನಾ ಸಾಮಗ್ರಿಯ ಬೇಡಿಕೆ ಎಂದು ಬದಿಗಿಡುವ ಸಾಧ್ಯತೆಯಿದೆ. ಒಂದು ಸಂಶೋಧನಾ ಪ್ರಶ್ನೆಯನ್ನು ಮುಂದಿಟ್ಟು, ಅದಕ್ಕೆ ಈ ಉಪಕರಣಗಳೇ ಏಕೆ ಬೇಕು ಎಂದು ತೋರಿಸಿ. ನೆಲದೊಳಗೆ ವಿದ್ಯುತ್ ಹಾಯಿಸಿ ಪದರಗಳ ರೋಧ ಅಳೆಯುವ ವಿದ್ಯುತ್ ರೋಧ ಮಾಪಕವನ್ನೂ ಸೇರಿಸಿ. ನಮ್ಮ ಗಟ್ಟಿಶಿಲೆಯ ಪ್ರದೇಶದಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆ ಪದರದ ದಪ್ಪವನ್ನು ನಾಲ್ಕು ಎಲೆಕ್ಟ್ರೋಡ್ ನೆಟ್ಟು ಅಂದಾಜಿಸಲು ವಿದ್ಯಾರ್ಥಿಗಳು ಒಂದೇ ಹಂಗಾಮಿನಲ್ಲಿ ಕಲಿಯುತ್ತಾರೆ. ಕೊಳವೆಬಾವಿ ಕೊರೆಸುವ ರೈತರಿಗೂ ಅದರಿಂದ ನೇರ ಉಪಯೋಗವಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಚಿನ್ನದ ವಲಯದ ಶಿಲಾಪರಿವರ್ತನೆಯನ್ನೇ ಸಂಶೋಧನಾ ವಿಷಯವಾಗಿಸಿ, ಸೂಕ್ಷ್ಮದರ್ಶಕ, ಥಿನ್ ಸೆಕ್ಷನ್ ಕಾರ್ಯಾಗಾರ ಮತ್ತು ರೋಧ ಮಾಪಕ ಕೇಳುವ ಕರಡನ್ನು ವಿಭಾಗದ ಮುಂದಿಡುತ್ತೇನೆ. ಕಲ್ಲು ಉಜ್ಜುವ ಸಹಾಯಕರ ಸಂಬಳಕ್ಕೆ ಏನು ಮಾಡಬೇಕು?

ಉತ್ತರ 1ರವರು:
ಇಂಥ ಅನುದಾನದಿಂದ ಕಾಯಂ ಹುದ್ದೆ ಸಿಗುವುದಿಲ್ಲ. ಸಂಬಳವನ್ನು ಕಾಲೇಜೇ ಭರಿಸುತ್ತದೆ ಎಂಬ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆಯನ್ನು ಪ್ರಸ್ತಾವನೆ ಕಳುಹಿಸುವ ಮೊದಲೇ ಪಡೆದು, ಅದಕ್ಕೆ ಲಗತ್ತಿಸಿ.