ಬಚ್ಚಲಿನ ಹಳೆಯ ಪೈಪಿಗೆ ಹೊಸ ಕಮೋಡ್ ಜೋಡಿಸಬಹುದೇ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯಲ್ಲಿ ಶೌಚಾಲಯ ಇರುವುದು ಮಹಡಿಯ ಮೇಲೆ ಮಾತ್ರ. ತಾಯಿಯವರಿಗೆ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದು ಕಷ್ಟವಾಗಿರುವುದರಿಂದ, ಕೆಳಗಿನ ಹಿತ್ತಲ ಕಡೆಯ ಬಚ್ಚಲುಮನೆಯಲ್ಲೇ ಒಂದು ವೆಸ್ಟರ್ನ್ ಕಮೋಡ್ ಕೂರಿಸಬೇಕೆಂದಿದ್ದೇವೆ. ಬಚ್ಚಲ ನೀರು ನಹಾನಿ ಟ್ರ್ಯಾಪಿನಿಂದ (ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ತಿರುವು) 75 ಮಿ.ಮೀ. ಪೈಪಿನಲ್ಲಿ ಹೊರಗಿನ ಗಲ್ಲಿ ಟ್ರ್ಯಾಪಿಗೆ (ವಾಸನೆ ತಡೆಯಲು ಮನೆಯ ಹೊರಗೆ ಕೂರಿಸುವ ಅಂಥದೇ ತಿರುವು), ಅಲ್ಲಿಂದ ಚೇಂಬರಿಗೆ (ಪೈಪುಗಳು ಕೂಡುವ, ಮುಚ್ಚಳವಿರುವ ಗುಂಡಿ) ಹೋಗುತ್ತದೆ. ಮಹಡಿಯ ಶೌಚಾಲಯದ 110 ಮಿ.ಮೀ. ಪೈಪು ಹಿಂಗೋಡೆಗುಂಟ ಇಳಿದು ಅದೇ ಚೇಂಬರನ್ನು ಸೇರುತ್ತದೆ. ಚೇಂಬರ್ ಬಚ್ಚಲ ಗೋಡೆಯಿಂದ ಐದು ಮೀಟರ್ ದೂರದಲ್ಲಿದ್ದು, ಮುಂದೆ ಯುಜಿಡಿ (ಊರಿನ ಒಳಚರಂಡಿ) ಸಂಪರ್ಕವಿದೆ. ಸುಮ್ಮನೆ ನೆಲ ಅಗೆಯುವುದು ಬೇಡ, ಹತ್ತಿರವೇ ಇರುವ 75 ಮಿ.ಮೀ. ಪೈಪಿಗೆ ಕಮೋಡ್ ಜೋಡಿಸೋಣ ಎಂದು ಮೇಸ್ತ್ರಿಯವರು ಹೇಳುತ್ತಿದ್ದಾರೆ. ಇದು ಸರಿಯೇ? ಇಲ್ಲವಾದರೆ ಮಹಡಿಯಿಂದ ಇಳಿದ ಪೈಪಿನ ಬುಡಕ್ಕೆ ಸೇರಿಸಬಹುದೇ?

ಉತ್ತರ (ಪ್ಲಂಬಿಂಗ್ ಗುತ್ತಿಗೆದಾರರು, ತುಮಕೂರು)

ದಯವಿಟ್ಟು 75 ಮಿ.ಮೀ. ಪೈಪಿಗೆ ಜೋಡಿಸಲು ಒಪ್ಪಬೇಡಿ. ಕಮೋಡಿನಿಂದ ಹೊರಟ ಪೈಪು ಮುಂದೆ ಸಾಗಿದಂತೆ ದೊಡ್ಡದಾಗಬಹುದೇ ಹೊರತು ಎಲ್ಲಿಯೂ ಕಿರಿದಾಗಬಾರದು. ಶೌಚದ ಪೈಪಿಗೆ 110 ಮಿ.ಮೀ. ಬೇಕೇ ಬೇಕು. ಅದಕ್ಕಿಂತ ದೊಡ್ಡ ತೊಂದರೆ ಗಲ್ಲಿ ಟ್ರ್ಯಾಪಿನದು. ಅದನ್ನು ಮಾಡಿರುವುದು ಸ್ನಾನದ, ಪಾತ್ರೆ ತೊಳೆದ ನೀರಿಗೆ. ಮಲ ಅದರ ತಿರುವಿನಲ್ಲಿ ಸಿಕ್ಕಿಕೊಂಡರೆ, ಹಿಂದೆ ಸರಿದ ಕೊಳಚೆ ನೀರಿಗೆ ಸಿಗುವ ಮೊದಲ ದಾರಿ ನಿಮ್ಮ ಬಚ್ಚಲಿನ ನಹಾನಿ ಟ್ರ್ಯಾಪ್. ತಾಯಿಯವರು ಸ್ನಾನ ಮಾಡುವ ಜಾಗದಲ್ಲೇ ಅದು ಮೇಲೆ ಉಕ್ಕುತ್ತದೆ.

ಮಹಡಿಯ ಪೈಪಿನ ಬುಡವೂ ಬೇಡ. ಮೇಲಿನವರು ಫ್ಲಶ್ ಮಾಡಿದಾಗ ರಭಸದಿಂದ ಇಳಿದ ನೀರು ಬುಡದ ಬೆಂಡಿನಲ್ಲಿ ತಿರುಗುವಾಗ ಅದರ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಜಾಗಕ್ಕೆ ಕೆಳಗಿನ ಕಮೋಡ್ ಸೇರಿದ್ದರೆ ಆ ಒತ್ತಡ ಕಮೋಡಿನ ನೀರನ್ನು ಗುಳುಗುಳು ಎನಿಸುತ್ತದೆ, ಕೆಲವೊಮ್ಮೆ ಹೊರಕ್ಕೂ ಚಿಮ್ಮಿಸುತ್ತದೆ. ಆದ್ದರಿಂದ ಕೆಳಗಿನ ಶೌಚಾಲಯಕ್ಕೆ ಚೇಂಬರಿನವರೆಗೂ ಪ್ರತ್ಯೇಕ ಪೈಪು ಹಾಕಿಸಿ. ಐದು ಮೀಟರ್ ಅಗೆತ ಒಂದೆರಡು ದಿನದ ಕೆಲಸ.

ಮೊದಲು ಕಮೋಡ್ ಖರೀದಿಸಿ, ಆಮೇಲೆ ಪೈಪಿನ ಕೆಲಸಕ್ಕೆ ಕೈಹಾಕಿ. ಎಸ್ ಟ್ರ್ಯಾಪ್ ಮಾದರಿಯಲ್ಲಿ ಪೈಪು ನೆಲದೊಳಗೆ ಇಳಿಯುತ್ತದೆ. ಗೋಡೆಯಿಂದ ತೂತಿನ ನಡುಬಿಂದುವಿಗೆ ಇರಬೇಕಾದ ಅಂತರ ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ, ಅದನ್ನೂ ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ ಅಳೆಯಬೇಕು. ಪಿ ಟ್ರ್ಯಾಪ್ ಮಾದರಿಯಲ್ಲಿ ಪೈಪು ನೆಲದಿಂದ ಸುಮಾರು 180 ಮಿ.ಮೀ. ಎತ್ತರದಲ್ಲಿ ಹಿಂದಿನ ಗೋಡೆಯ ಮೂಲಕ ಹೊರಬರುತ್ತದೆ. ನಿಮ್ಮ ಬಚ್ಚಲ ಹಿಂಗೋಡೆ ಹೊರಗೋಡೆಯೇ ಆಗಿದ್ದರೆ ಪಿ ಟ್ರ್ಯಾಪ್ ಆರಿಸಿ. ಒಳಗಿನ ನೆಲವನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ, ಮೇಸ್ತ್ರಿಯವರ ಚಿಂತೆಯೂ ತಪ್ಪುತ್ತದೆ.

ಉತ್ತರ (ಸಿವಿಲ್ ಎಂಜಿನಿಯರ್, ಮೈಸೂರು)

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ವಾಟದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. 110 ಮಿ.ಮೀ. ಪೈಪಿಗೆ 40 ಅಡಿಗೆ ಒಂದು ಅಡಿಯ ಪ್ರಮಾಣದಲ್ಲಿ ಇಳಿಜಾರು ಕೊಟ್ಟರೆ, ನಿಮ್ಮ ಐದು ಮೀಟರಿಗೆ ಒಟ್ಟು 12.5 ಸೆಂ.ಮೀ. ಇಳಿತ ಬೇಕಾಗುತ್ತದೆ. ಅಗೆಯುವ ಮುನ್ನವೇ ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು, ಚೇಂಬರಿನ ತಳ ಎಷ್ಟು ಆಳದಲ್ಲಿದೆ ಎಂಬುದನ್ನು ನೋಡಿಸಿ. ಅಷ್ಟು ಇಳಿತ ಸಿಗುತ್ತದೆಯೋ ಇಲ್ಲವೋ ಎಂಬುದು ಆಗಲೇ ತಿಳಿಯುತ್ತದೆ. ಕಣ್ಣಂದಾಜಿನ ವಾಟವನ್ನು ನಂಬಬೇಡಿ.

ಅಂಗಡಿಯಲ್ಲಿ ಎಸ್‌ಡಬ್ಲ್ಯುಆರ್ (ಶೌಚ, ಕೊಳಚೆ, ಮಳೆನೀರಿನ ಪಿವಿಸಿ) ಪೈಪು ಕೇಳುವಾಗ 'ಟೈಪ್ ಬಿ' ಎಂದೇ ಕೇಳಿ. ಭಾರತೀಯ ಮಾನಕ 13592ರ ಪ್ರಕಾರ ಟೈಪ್ ಎ ಪೈಪು ಗಾಳಿಕೊಳವೆಗೆ ಮತ್ತು ಮಳೆನೀರಿಗೆ, ಟೈಪ್ ಬಿ ಶೌಚ ಮತ್ತು ಕೊಳಚೆಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ, ಆದರೆ ಬಿ ಪೈಪಿನ ದಪ್ಪ ಹೆಚ್ಚು.

ಕಮೋಡಿನ ಹಿಂದೆ ಪೈಪು ಇಳಿಯುವ ಜಾಗದಿಂದ ಒಂದು ಗಾಳಿಕೊಳವೆಯನ್ನು ತಾರಸಿಯಿಂದ ಮೇಲಕ್ಕೆ ಒಯ್ದು ಕೌಲ್ (ಗಾಳಿಯಾಡುವ ತುದಿಮುಚ್ಚಳ) ಹಾಕಿಸಿ. ಕಮೋಡಿನೊಳಗೆ ಸದಾ ನಿಂತಿರುವ ಸುಮಾರು 50 ಮಿ.ಮೀ. ನೀರೇ ದುರ್ವಾಸನೆಯನ್ನು ತಡೆಯುವುದು. ಪೈಪಿಗೆ ಉಸಿರಾಡಲು ದಾರಿಯಿಲ್ಲದಿದ್ದರೆ ಫ್ಲಶ್ಶಿನ ಸೆಳೆತ ಆ ನೀರನ್ನೂ ಎಳೆದುಕೊಂಡು ಹೋಗಬಹುದು. ಗೋಡೆಯ ಹೊರಗಿನ ತಿರುವಿಗೆ ಮುಚ್ಚಳವಿರುವ ಡೋರ್ ಬೆಂಡನ್ನೇ ಬಳಸಿ. ಪೈಪು ಕಟ್ಟಿಕೊಂಡರೆ ಅಲ್ಲಿಂದ ರಾಡ್ ಹಾಕಿ ಬಿಡಿಸಬಹುದು. ಬರಿಗೈಯಲ್ಲಿ ಮಲ ಎತ್ತುವ ಸ್ಥಿತಿ ಯಾವ ಮನುಷ್ಯನಿಗೂ ಬರಬಾರದು. ಹಾಗೆ ಕೆಲಸ ಮಾಡಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಅದನ್ನು ತಪ್ಪಿಸುವ ಹೊಣೆ ಪೈಪು ಹಾಕಿಸುವ ದಿನವೇ ನಮ್ಮ ಮೇಲಿರುತ್ತದೆ.

ಉತ್ತರ (ಓದುಗರು, ಧಾರವಾಡ)

ಮಂಡಿನೋವಿರುವವರಿಗೆ ಸಾಮಾನ್ಯ ಕಮೋಡಿಗಿಂತ ತುಸು ಎತ್ತರದ್ದು ಅನುಕೂಲ. ಕುಳಿತು ಏಳುವಾಗ ಮಂಡಿಯ ಮೇಲೆ ಭಾರ ಕಡಿಮೆ ಬೀಳುತ್ತದೆ. ಅಂಗಡಿಯಲ್ಲಿ ತಾಯಿಯವರನ್ನೇ ಕೂರಿಸಿ ನೋಡಿ. ಹಿಡಿದುಕೊಳ್ಳುವ ಸರಳನ್ನು ಎಲ್ಲಿ ಕೂರಿಸಬೇಕೆಂಬುದನ್ನೂ ಟೈಲ್ಸ್ ಹಾಕುವ ಮೊದಲೇ ಗುರುತು ಮಾಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂಗೋಡೆ ಹೊರಗೋಡೆಯೇ ಆಗಿರುವುದರಿಂದ ಪಿ ಟ್ರ್ಯಾಪ್ ಕಮೋಡನ್ನೇ ತರುತ್ತೇವೆ. ಚೇಂಬರಿನ ಮುಚ್ಚಳ ತೆಗೆದು ನೋಡಿದಾಗ ಒಳಗೆ ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪುಗಳು ಕಂಡವು. ಹೊಸ ಪಿವಿಸಿ ಪೈಪನ್ನು ಅವುಗಳಿಗೇ ಸೇರಿಸಬೇಕೇ?

ಉತ್ತರ (ಸಿವಿಲ್ ಎಂಜಿನಿಯರ್, ಮೈಸೂರು)

ಬೇಡ. ಪಿವಿಸಿಯನ್ನೂ ಸ್ಟೋನ್‌ವೇರನ್ನೂ ಸಿಮೆಂಟಿನಿಂದ ಬೆಸೆದರೆ ಆ ಜೋಡಣೆ ಕ್ರಮೇಣ ಬಿರುಕು ಬಿಡುತ್ತದೆ. ಚೇಂಬರಿನ ಗೋಡೆಯಲ್ಲೇ ಹೊಸ ತೂತು ಕೊರೆಸಿ, ಪೈಪು ನೀರು ಹರಿಯುವ ದಿಕ್ಕಿಗೆ ಓರೆಯಾಗಿ, ತಳದ ಕಾಲುವೆಗಿಂತ ಸ್ವಲ್ಪ ಮೇಲೆ ಒಳಬರುವಂತೆ ಕೂರಿಸಿ. ಎದುರು ದಿಕ್ಕಿಗೆ ಬಂದರೆ ಮಲ ಅಲ್ಲೇ ರಾಶಿ ಬೀಳುತ್ತದೆ. ಅಕ್ಕಪಕ್ಕದ ಗಾರೆಯನ್ನು ಕಾಲುವೆಯ ಕಡೆಗೆ ಇಳಿಜಾರಾಗಿ ನುಣುಪು ಮಾಡಿಸಿ.

ರಬ್ಬರ್ ರಿಂಗಿನ ಜೋಡಣೆಯಾದರೆ ಸಾಬೂನು ನೀರು ಸವರಿ ಪೂರ್ತಿ ಒಳಗೆ ತಳ್ಳಿ, ಬಿಸಿಲಿಗೆ ಪೈಪು ಹಿಗ್ಗಲು ಜಾಗವಿರಲೆಂದು 10 ಮಿ.ಮೀ. ಹಿಂದಕ್ಕೆ ಎಳೆಯಬೇಕು, ಎಣ್ಣೆ, ಗ್ರೀಸ್ ಮುಟ್ಟಿಸಬಾರದು. ಗುಂಡಿಯ ತಳದ ಕಲ್ಲುಗಳನ್ನು ಆರಿಸಿ ತೆಗೆಸಿ ಮರಳು ಹಾಸಿ. ಮಣ್ಣು ಮುಚ್ಚುವ ಮೊದಲು ಚೇಂಬರಿನ ಕಡೆಯ ಬಾಯಿ ಬಿಗಿದು ಪೈಪಿಗೆ ನೀರು ತುಂಬಿಸಿ, ಮೇಲಿನ ತುದಿಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ಗಂಟೆ ಬಿಡಿ. ಮಟ್ಟ ಇಳಿದಿದ್ದರೆ ಒಂದೊಂದೇ ಜೋಡಣೆಯನ್ನು ಪರೀಕ್ಷಿಸಿ, ಸೋರಿಕೆ ನಿಲ್ಲುವವರೆಗೆ ಮಣ್ಣು ಮುಚ್ಚಲು ಬಿಡಬೇಡಿ.